ಮೆಡಿಟರೇನಿಯನ್ ಕ್ರೂಸ್: ಮುಂಬಯಿಯಿಂದ ಹೊರಡುವ ಹೊಸ ಜೋಡಿಗೆ

ಕ್ರೂಸ್ ಜಾಹೀರಾತಿನಲ್ಲಿ ಈಜುಕೊಳ, ಜಾರುಬಂಡೆ, ದೀಪಾಲಂಕಾರಗಳ ಚಿತ್ರ ದೊಡ್ಡದಾಗಿರುತ್ತದೆ. ಹಡಗು ಯಾವ ಬಂದರಿಗೆ ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಪಟ್ಟಿ ಮಾತ್ರ ಕೊನೆಯ ಪುಟದ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಓದಲು ಶುರು ಮಾಡಬೇಕಾದದ್ದು ಆ ಪಟ್ಟಿಯಿಂದ. ಏಳು ರಾತ್ರಿಯ ಪ್ರವಾಸ ಚೆನ್ನಾಗಿ ಆಗುವುದೂ ಹಾಳಾಗುವುದೂ ಹಡಗಿನ ಗಾತ್ರದಿಂದಲ್ಲ. ವೀಸಾದಲ್ಲಿ ಎಷ್ಟು ಪ್ರವೇಶ ಕೊಟ್ಟಿದ್ದಾರೆ, ಹಡಗು ನಿಲ್ಲುವ ಜಾಗದಿಂದ ನೀವು ನೋಡಬೇಕೆಂದಿರುವ ಊರು ಎಷ್ಟು ದೂರ, ಹಡಗಿಗೆ ಮರಳಲು ಗಡುವು ಯಾವುದು ಎಂಬ ಮೂರು ವಿಷಯಗಳೇ ಅದನ್ನು ತೀರ್ಮಾನಿಸುತ್ತವೆ.

ಯಾವ ತಿಂಗಳು

ಮುಂಬಯಿ, ಪುಣೆ, ಗೋವಾದ ಕನ್ನಡಿಗರಲ್ಲಿ ಹಲವರ ಮದುವೆ ಏಪ್ರಿಲ್-ಮೇ ರಜೆಯಲ್ಲಿ ಊರಲ್ಲಿ ನಡೆಯುತ್ತದೆ, ಆಮೇಲೆ ಇಲ್ಲೊಂದು ಆರತಕ್ಷತೆ. ಅದು ಮುಗಿದ ವಾರವೇ ಯುರೋಪಿಗೆ ಹಾರುತ್ತೇವೆ ಎನ್ನುವುದು ಆಗದ ಮಾತು. ಮದುವೆಯ ನೋಂದಣಿ ಆಗಬೇಕು, ವೀಸಾ ಅಪಾಯಿಂಟ್‌ಮೆಂಟ್ ಸಿಗಬೇಕು, ಪಾಸ್‌ಪೋರ್ಟ್ ಮರಳಿ ಬರಬೇಕು. ಸೆಪ್ಟೆಂಬರ್ ಇಟ್ಟುಕೊಳ್ಳುವುದು ಜಾಣತನ. ಆಷಾಢ, ಆಟಿ ಮುಗಿದಿರುವುದರಿಂದ ಹಿರಿಯರಿಗೂ ತಕರಾರಿಲ್ಲ. ಮದುವೆಯಾದ ಮೊದಲ ಚೌತಿಗೆ ಊರಲ್ಲಿರಲೇಬೇಕು ಎನ್ನುವ ಮನೆಯಾದರೆ ಪಂಚಾಂಗ ನೋಡಿಕೊಂಡೇ ತಾರೀಖು ಹಿಡಿಯಿರಿ. ಕ್ರೂಸ್ ರದ್ದತಿಯ ದಂಡ ಹೊರಡುವ ದಿನ ಹತ್ತಿರವಾದಷ್ಟೂ ಏರುತ್ತದೆ.

ಸಮುದ್ರದ ಲೆಕ್ಕದಲ್ಲೂ ಸೆಪ್ಟೆಂಬರ್, ಮೇ, ಜೂನ್ ಮೊದಲ ಹದಿನೈದು ದಿನ ಒಳ್ಳೆಯವು. ಜುಲೈ, ಆಗಸ್ಟ್‌ನಲ್ಲಿ ರೋಮ್, ಅಥೆನ್ಸ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ, ಅತಿ ಬಿಸಿಲಿನ ದಿನ ಅಕ್ರೋಪೊಲಿಸ್ ಗುಡ್ಡವನ್ನು ಮಧ್ಯಾಹ್ನ ಮುಚ್ಚುವುದೂ ಇದೆ. ಯುರೋಪಿನ ಶಾಲೆಗಳಿಗೆ ರಜೆ ಇರುವುದರಿಂದ ಹಡಗು ಮಕ್ಕಳಿಂದ ತುಂಬಿರುತ್ತದೆ, ದರವೂ ಏರಿರುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಗಾಳಿ ಶುರು. ಮಾರ್ಸೆ ಮತ್ತು ಬಾರ್ಸಿಲೋನಾ ನಡುವಿನ ಕೊಲ್ಲಿಯಲ್ಲಿ ಮಿಸ್ಟ್ರಾಲ್ ಎಂಬ ಉತ್ತರದ ಗಾಳಿ ಎದ್ದರೆ ದೊಡ್ಡ ಹಡಗೂ ಓಲಾಡುತ್ತದೆ.

ಕಾಗದಪತ್ರ: ಅರ್ಧ ಕೆಲಸ ಇಲ್ಲೇ

ಮೊದಲು ಹೆಸರು. ಮದುವೆಯಾದ ಕೂಡಲೇ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲು ಹೊರಡಬೇಡಿ. ಹಳೆಯ ಹೆಸರಿನ ಪಾಸ್‌ಪೋರ್ಟ್ ಪೂರ್ತಿ ಸಿಂಧು. ಆದರೆ ಕ್ರೂಸ್ ಬುಕಿಂಗ್, ವಿಮಾನದ ಟಿಕೆಟ್, ವಿಮೆ, ವೀಸಾ ಅರ್ಜಿ ನಾಲ್ಕರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರ ತಪ್ಪದೆ ಇರಬೇಕು. ಏಜೆಂಟ್ ಪ್ರೀತಿಯಿಂದ ‘ಮಿಸೆಸ್’ ಸೇರಿಸಿ ಗಂಡನ ಮನೆತನದ ಹೆಸರು ಹಾಕಿಬಿಟ್ಟರೆ ಚೆಕ್-ಇನ್ ಕೌಂಟರಿನಲ್ಲಿ ತೊಂದರೆ. ಹೆಸರು ಬದಲಿಸುವ ಕೆಲಸ ಪ್ರವಾಸದ ನಂತರ ಮಾಡಿ.

ಎರಡನೆಯದು ಮದುವೆಯ ಪ್ರಮಾಣಪತ್ರ. ಮಂಟಪದವರು ಕೊಡುವ ಪತ್ರ, ಲಗ್ನಪತ್ರಿಕೆ ಸಾಲದು. ಊರಲ್ಲಿ ಮದುವೆಯಾಗಿದ್ದರೆ ಅಲ್ಲಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಸುಲಭ. ಸಾಕ್ಷಿಗಳು ಅಲ್ಲೇ ಇರುತ್ತಾರೆ. ಮದುವೆಗೆ ಹೋದಾಗಲೇ ಎರಡು ದಿನ ಹೆಚ್ಚು ಉಳಿದು ಮುಗಿಸಿಕೊಂಡು ಬನ್ನಿ. ಮುಂಬಯಿಗೆ ಬಂದ ಮೇಲೆ ಮಾಡಿದರಾಯಿತು ಎಂದು ಬಿಟ್ಟರೆ ಮತ್ತೆ ಸಾಕ್ಷಿ ಹೊಂದಿಸುವುದರಲ್ಲಿ ತಿಂಗಳು ಹೋಗುತ್ತದೆ. ಒಬ್ಬರ ಖರ್ಚನ್ನು ಇನ್ನೊಬ್ಬರು ಭರಿಸುತ್ತಿದ್ದೇವೆ ಎಂದು ಅರ್ಜಿಯಲ್ಲಿ ತೋರಿಸಬೇಕಾದರೆ ಈ ಪತ್ರ ಬೇಕೇಬೇಕು.

ಮೂರನೆಯದು ವಿಳಾಸ. ಇದು ನಮ್ಮವರಲ್ಲೇ ಹೆಚ್ಚಾಗಿ ಬರುವ ತೊಡಕು. ಹುಡುಗನ ಪಾಸ್‌ಪೋರ್ಟ್ ಡೊಂಬಿವಲಿಯದು, ಹುಡುಗಿಯದು ಉಡುಪಿಯದು ಅಥವಾ ಧಾರವಾಡದ್ದು. ಯಾವ ಕಾನ್ಸುಲೇಟ್ ಅರ್ಜಿ ನೋಡಬೇಕು ಎನ್ನುವುದು ವಾಸದ ಮೇಲೆ ನಿಂತಿದೆ. ಮಹಾರಾಷ್ಟ್ರ, ಗೋವಾದವರು ಮುಂಬಯಿಗೆ ಸೇರುತ್ತಾರೆ, ಆದರೆ ಇಟಲಿಗೆ ಬೆಂಗಳೂರಿನಲ್ಲೂ ಕಾನ್ಸುಲೇಟ್ ಇದೆ. ಇಬ್ಬರೂ ಮುಂಬಯಿಯಲ್ಲೇ ಅರ್ಜಿ ಹಾಕುವುದಾದರೆ ಹುಡುಗಿಯ ಇಲ್ಲಿಯ ವಾಸಕ್ಕೆ ಪುರಾವೆ ಜೊತೆಗಿರಲಿ: ವಿಳಾಸ ಬದಲಿಸಿದ ಆಧಾರ್, ಬ್ಯಾಂಕಿನ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಆಫೀಸಿನ ಪತ್ರ ಇವುಗಳಲ್ಲಿ ಸಿಕ್ಕಷ್ಟು.

ಇನ್ನು ಯಾವ ದೇಶಕ್ಕೆ ಅರ್ಜಿ? ನಿಯಮ ಸರಳ: ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಜಿನೋವಾದಲ್ಲಿ ಹಡಗು ಹತ್ತಿ ಮಾರ್ಸೆ, ಬಾರ್ಸಿಲೋನಾ, ಪಲೆರ್ಮೊ, ನೇಪಲ್ಸ್, ಚಿವಿತಾವೆಕ್ಕಿಯಾ ಸುತ್ತಿ ಜಿನೋವಾಕ್ಕೇ ಮರಳಿದರೆ ಹೆಚ್ಚು ದಿನ ಇಟಲಿಯದು. ಅದೇ ಹಡಗನ್ನು ಬಾರ್ಸಿಲೋನಾದಲ್ಲಿ ಹತ್ತಿದರೂ ಲೆಕ್ಕ ಇಟಲಿಯ ಕಡೆಗೇ ವಾಲುತ್ತದೆ, ವಿಮಾನ ಇಳಿಯುವುದು ಸ್ಪೇನಿನಲ್ಲಿ ಎಂಬ ಕಾರಣಕ್ಕೆ ಸ್ಪೇನಿಗೆ ಹಾಕಬಾರದು. ಅರ್ಜಿ ತೆಗೆದುಕೊಳ್ಳುವುದು ಖಾಸಗಿ ವೀಸಾ ಕೇಂದ್ರಗಳು: ಇಟಲಿಯ ಅರ್ಜಿ ವಿಎಫ್‌ಎಸ್‌ನಲ್ಲಿ, ಸ್ಪೇನಿನದು ಬಿಎಲ್‌ಎಸ್‌ನಲ್ಲಿ. ಬುಕಿಂಗ್ ಮಾಡುವ ಮೊದಲೇ ಇದನ್ನು ತೀರ್ಮಾನಿಸಿ, ಯಾಕೆಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಅರ್ಜಿಯಲ್ಲಿ ಎಷ್ಟು ಪ್ರವೇಶ ಬೇಕು ಎಂಬ ಕಡೆ ‘ಮಲ್ಟಿಪಲ್’ ಗುರುತು ಹಾಕಿ. ಕ್ರೂಸ್‌ನವರಿಗೆ ಇದಕ್ಕಿಂತ ಮುಖ್ಯವಾದ ಸಾಲು ಆ ಫಾರ್ಮಿನಲ್ಲಿ ಇಲ್ಲ. ಹಡಗು ಟರ್ಕಿಯ ಕುಶಾದಾಸಿಗೋ ಮಾಂಟೆನೆಗ್ರೊದ ಕೊಟೋರ್‌ಗೋ ಹೋಗಿ ಬಂದರೆ ನೀವು ಷೆಂಗೆನ್ ಬಿಟ್ಟು ಮತ್ತೆ ಒಳಬಂದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ಬಂದರಿನ ಚೆಕ್-ಇನ್‌ನಲ್ಲೇ ಹತ್ತಿಸದೆ ವಾಪಸು ಕಳಿಸುತ್ತಾರೆ, ಹಣವೂ ಬರುವುದಿಲ್ಲ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ನಲ್ಲಿದೆ, ಹಾಗಾಗಿ ಡುಬ್ರೊವ್‌ನಿಕ್‌ಗೆ ಈ ಚಿಂತೆಯಿಲ್ಲ. ಸಿಂಧುವಾದ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಟರ್ಕಿಯ ಇ-ವೀಸಾ ಆನ್‌ಲೈನಿನಲ್ಲಿ ಸಿಗುತ್ತದೆ. ಮಾಂಟೆನೆಗ್ರೊಕ್ಕೆ ಅದೇ ಷೆಂಗೆನ್ ವೀಸಾ ಸಾಕು. ಆದರೂ ನಿಮ್ಮ ಮಾರ್ಗಕ್ಕೆ ಯಾವ ಯಾವ ವೀಸಾ ಬೇಕು ಎಂದು ಕ್ರೂಸ್ ಕಂಪನಿಯಿಂದ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಏಜೆಂಟ್ ಫೋನಿನಲ್ಲಿ ಹೇಳಿದ್ದು ಬಂದರಿನಲ್ಲಿ ಕೆಲಸಕ್ಕೆ ಬಾರದು.

ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚೆಂದರೆ 45 ದಿನ ಹಿಡಿಯಬಹುದು. ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾಶುಲ್ಕ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆಯಲ್ಲಿ ವೈದ್ಯಕೀಯ ಖರ್ಚಿಗೆ ಕನಿಷ್ಠ 30,000 ಯೂರೋ ರಕ್ಷಣೆ ಇರಬೇಕು. ಫೋಟೊ 35 ಗುಣಿಸು 45 ಮಿಲಿಮೀಟರ್, ಬಿಳಿ ಹಿನ್ನೆಲೆ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ, ದಿನವಾರು ಕಾರ್ಯಕ್ರಮ ಬರೆದ ಪತ್ರ, ಇಬ್ಬರ ಹೆಸರೂ ಬಂದರುಗಳ ಪಟ್ಟಿಯೂ ಇರುವ ಕ್ರೂಸ್ ದೃಢೀಕರಣ, ಹಡಗು ಹತ್ತುವ ಹಿಂದಿನ ರಾತ್ರಿಯ ಹೋಟೆಲ್ ಬುಕಿಂಗ್. ಮದುವೆಯ ಉಡುಗೊರೆ ಹಣವನ್ನು ಅರ್ಜಿಯ ವಾರದಲ್ಲಿ ಒಟ್ಟಿಗೆ ಖಾತೆಗೆ ತುಂಬಿದರೆ ಅದು ಸಾಲ ತಂದು ತೋರಿಸಿದಂತೆ ಕಾಣುತ್ತದೆ. ಹಣದ ಮೂಲವನ್ನು ಪತ್ರದಲ್ಲಿ ಒಂದು ಸಾಲು ಬರೆಯಿರಿ.

ಪಾಸ್‌ಪೋರ್ಟ್ ಕೈಗೆ ಬಂದ ನಿಮಿಷವೇ ಸ್ಟಿಕ್ಕರ್ ಓದಿ. ಪ್ರವೇಶಗಳ ಸಂಖ್ಯೆಯಲ್ಲಿ 01 ಎಂದಿದ್ದರೆ ಒಂದೇ ಸಲ, ‘ಮಲ್ಟ್’ ಎಂದಿದ್ದರೆ ಎಷ್ಟು ಸಲ ಬೇಕಾದರೂ. ಎಂದಿನಿಂದ ಎಂದಿನವರೆಗೆ ಎನ್ನುವುದು ಬೇರೆ, ಎಷ್ಟು ದಿನ ಇರಬಹುದು ಎನ್ನುವುದು ಬೇರೆ. ಎರಡೂ ನಿಮ್ಮ ಪ್ರವಾಸಕ್ಕೆ ಸಾಕಾಗಬೇಕು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ಪದ್ಧತಿ ಶುರುವಾಗಿದೆ. ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸುವುದಿದ್ದರೆ ಇದರ ಸಾಲಿನಲ್ಲಿ ಅಲ್ಲೇ ನಿಲ್ಲಬೇಕು, ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡಿ.

ಮಾರ್ಗ, ಕ್ಯಾಬಿನ್, ಹಣ

ಬಂದರಿನ ಹೆಸರನ್ನು ನಂಬಬೇಡಿ. ‘ರೋಮ್’ ಎಂದು ಬರೆದಿದ್ದರೆ ಅದು ಚಿವಿತಾವೆಕ್ಕಿಯಾ, ರೋಮಿನಿಂದ ಸುಮಾರು 80 ಕಿಲೋಮೀಟರ್. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ, ಸುಮಾರು 90 ಕಿಲೋಮೀಟರ್. ‘ವೆನಿಸ್’ ಅತಿ ಮೋಸದ್ದು: 2021ರ ಆಗಸ್ಟ್ 1ರಿಂದ 25,000 ಟನ್ ಮೀರಿದ ಹಡಗುಗಳಿಗೆ ಜುಡೆಕ್ಕಾ ಕಾಲುವೆಯಲ್ಲಿ ಪ್ರವೇಶವಿಲ್ಲ, ಆದ್ದರಿಂದ ಹಡಗು ನಿಲ್ಲುವುದು ಮಾರ್ಗೆರಾದಲ್ಲೋ ತ್ರಿಯೆಸ್ತೆಯಲ್ಲೋ ರವೆನ್ನಾದಲ್ಲೋ ಇರಬಹುದು. ರವೆನ್ನಾದಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಹಡಗಿನಿಂದ ಇಳಿದು ನಡೆದೇ ಊರು ಸೇರಬಹುದಾದ ಬಂದರುಗಳು ನೇಪಲ್ಸ್, ಜಿನೋವಾ, ಪಲೆರ್ಮೊ, ಮಾಲ್ಟಾದ ವಲೆಟ್ಟಾ. ಏಳು ರಾತ್ರಿಯಲ್ಲಿ ಇಂಥ ಹತ್ತಿರದ ಬಂದರು ಕನಿಷ್ಠ ಮೂರು, ಸಮುದ್ರದಲ್ಲೇ ಕಳೆಯುವ ಇಡೀ ದಿನ ಒಂದು ಇರುವ ಮಾರ್ಗ ಹೊಸ ಜೋಡಿಗೆ ಸರಿ. ದಿನಕ್ಕೊಂದು ದೂರದ ಊರು ಎಂದು ಆರು ದಿನ ಓಡಿದರೆ ಐದನೇ ದಿನಕ್ಕೆ ಜಗಳ ಖಂಡಿತ.

ಕ್ಯಾಬಿನ್ ಆರಿಸುವಾಗ ಹಡಗಿನ ನಕ್ಷೆ ತೆರೆದಿಟ್ಟುಕೊಳ್ಳಿ. ಮುಂದಿನ, ಹಿಂದಿನ ತುದಿಗಳು ಹೆಚ್ಚು ಏರಿಳಿಯುತ್ತವೆ, ಮೇಲಿನ ಡೆಕ್‌ಗಳು ಹೆಚ್ಚು ಓಲಾಡುತ್ತವೆ. ಹೊಟ್ಟೆ ತೊಳಸುವವರಿಗೆ ನಡುಭಾಗದ ಕೆಳ ಡೆಕ್ ಒಳ್ಳೆಯದು. ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕೋಣೆ ಬೇಡ, ಬೆಳಗಿನ ಐದಕ್ಕೇ ಕುರ್ಚಿ ಎಳೆಯುವ ಸದ್ದು ಶುರು. ನಾಟಕಶಾಲೆ, ಡಿಸ್ಕೋಗಳ ಮೇಲಿನದ್ದೂ ಬೇಡ. ನಿಮ್ಮ ಕೋಣೆಯ ಮೇಲೂ ಕೆಳಗೂ ಬೇರೆ ಕೋಣೆಗಳೇ ಇದ್ದರೆ ನೆಮ್ಮದಿ. ‘ಗ್ಯಾರಂಟಿ’ ದರದಲ್ಲಿ ಕೊಂಡರೆ ಅಗ್ಗ, ಆದರೆ ಯಾವ ಕೋಣೆ ಎಂಬುದನ್ನು ಕಂಪನಿಯೇ ಆರಿಸುತ್ತದೆ. ಹಾಸಿಗೆ ಜೋಡಿಯಾಗಿ ಬೇಕು ಎಂದು ಬುಕಿಂಗ್‌ನಲ್ಲೇ ಬರೆಸಿ, ಇಲ್ಲದಿದ್ದರೆ ಎರಡು ಒಂಟಿ ಮಂಚ ಹಾಕಿಟ್ಟಿರುತ್ತಾರೆ. ಬಾಲ್ಕನಿಗೆ ಹೆಚ್ಚು ಹಣ ಕೊಡಬೇಕೇ? ಹನಿಮೂನಿಗಾದರೆ ಕೊಡಿ. ಮದ್ಯದ ಪ್ಯಾಕೇಜಿಗೆ, ವಿಶೇಷ ರೆಸ್ಟೋರೆಂಟಿಗೆ ಸುರಿಯುವ ಹಣಕ್ಕಿಂತ ಇದು ಒಳ್ಳೆಯ ಖರ್ಚು. ಪಾನೀಯದ ಪ್ಯಾಕೇಜನ್ನು ಹಲವು ಕಂಪನಿಗಳು ಒಂದೇ ಕ್ಯಾಬಿನ್ನಿನ ಇಬ್ಬರೂ ಕೊಳ್ಳಬೇಕು ಎನ್ನುತ್ತವೆ. ಒಬ್ಬರು ಮಾತ್ರ ಕುಡಿಯುವ ಜೋಡಿಗೆ ಅದು ಶುದ್ಧ ನಷ್ಟ.

ದರದಲ್ಲಿ ಸೇರದ ಖರ್ಚುಗಳು: ಸೇವಾಶುಲ್ಕ, ವೈ-ಫೈ, ಬಾಟಲಿ ನೀರು, ತೀರ ವಿಹಾರ (ಬಂದರಿನಲ್ಲಿ ಇಳಿದು ಊರು ನೋಡುವ ಪ್ರವಾಸ), ಬಂದರಿನ ಬಸ್ಸು. ಸೇವಾಶುಲ್ಕ ತಲೆಗೆ, ರಾತ್ರಿಗೆ ಇಷ್ಟು ಎಂದು ಹಡಗಿನ ಖಾತೆಗೆ ತಾನಾಗಿ ಸೇರುತ್ತದೆ; ಇಬ್ಬರಿಗೆ ಏಳು ರಾತ್ರಿಗೆ 150ರಿಂದ 250 ಯೂರೋ ತೆಗೆದಿಡಿ. ಗ್ರೀಸ್ 2025ರ ಜುಲೈಯಿಂದ ಸ್ಯಾಂಟೊರಿನಿ, ಮಿಕೊನೊಸ್‌ಗಳಲ್ಲಿ ಇಳಿಯುವ ಕ್ರೂಸ್ ಪ್ರಯಾಣಿಕರಿಂದ ಬೇಸಿಗೆಯಲ್ಲಿ ತಲೆಗೆ 20 ಯೂರೋ ವಸೂಲು ಮಾಡುತ್ತಿದೆ, ಅದೂ ಬಿಲ್ಲಿನಲ್ಲಿ ಬರಬಹುದು.

ಭಾರತದಲ್ಲಿ ಪ್ಯಾಕೇಜ್ ಕೊಂಡರೆ ಏಜೆಂಟ್ ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾನೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತ ಬಂದಿರುವುದರಿಂದ ಕೊಳ್ಳುವ ದಿನದ ದರ ಕೇಳಿ. ಅದು ಯಾರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ ಎನ್ನುವುದು ಹೆಚ್ಚು ಮುಖ್ಯ. ಮಾವನವರು ಉಡುಗೊರೆಯೆಂದು ಹಣ ಕಟ್ಟಿ ಬಿಲ್ ಅವರ ಹೆಸರಿಗೆ ಬಂದರೆ ಆ ಮೊತ್ತ ಅವರ ಲೆಕ್ಕಕ್ಕೆ ಹೋಗುತ್ತದೆ. ಮೊದಲೇ ಮಾತಾಡಿಕೊಳ್ಳಿ, ಹೊಸ ಸಂಬಂಧದಲ್ಲಿ ಆಮೇಲೆ ಕೇಳುವುದು ಮುಜುಗರ.

ಸಮುದ್ರ ಒಗ್ಗುತ್ತದೋ ಇಲ್ಲವೋ ಎಂಬ ಅಳುಕಿದ್ದವರಿಗೆ ಒಂದು ದಾರಿ ಇದೆ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಮುಂಬಯಿಯ ಬಲ್ಲಾರ್ಡ್ ಪಿಯರ್‌ನಿಂದ ಗೋವಾ ಕಡೆಗೆ ಕ್ರೂಸ್ ಹಡಗು ಹೋಗುತ್ತದೆ. ಎರಡು ರಾತ್ರಿ ಅದರಲ್ಲಿ ಕಳೆದರೆ ಗೊತ್ತಾಗಿಬಿಡುತ್ತದೆ.

ಪೆಟ್ಟಿಗೆಯಲ್ಲಿ ಏನು, ಏನು ಬೇಡ

ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಇಸ್ತ್ರಿಪೆಟ್ಟಿಗೆ, ಬಿಸಿನೀರಿನ ಕೆಟಲ್, ಇಂಡಕ್ಷನ್ ಒಲೆ, ಚಿಕ್ಕ ರೈಸ್ ಕುಕ್ಕರ್, ಮೋಂಬತ್ತಿ, ಊದುಬತ್ತಿ ಎಲ್ಲವನ್ನೂ ಸ್ಕ್ಯಾನಿಂಗ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಆ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದೂ ತಡವಾಗುತ್ತದೆ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಫ್ಲಾಸ್ಕ್ ಒಯ್ದರೆ ಸಾಕು.

ಮದುವೆಮನೆಯ ಒಣಕೊಬ್ಬರಿ ಪೆಟ್ಟಿಗೆಯಲ್ಲಿ ಉಳಿದಿದೆಯೇ ನೋಡಿ. ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತುವೆಂದು 2022ರಿಂದ ಅದಕ್ಕೆ ವಿಮಾನದ ಚೆಕ್-ಇನ್ ಲಗೇಜಿನಲ್ಲಿ ನಿಷೇಧವಿದೆ. ಹಾಲು, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ, ಹಾಗಾಗಿ ಪೇಡ, ತುಪ್ಪ ಬೇಡ. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ, ಕಂಪನಿ ಪ್ಯಾಕಿನ ಸಿದ್ಧ ಉಪ್ಪಿಟ್ಟು ಧಾರಾಳ ನಡೆಯುತ್ತವೆ.

ಬಂಗಾರದ ವಿಷಯದಲ್ಲಿ ಹಟ ಬೇಡ. ಭಾರದ ಸರ, ಬಳೆಗಳನ್ನು ಲಾಕರಿನಲ್ಲಿಡಿ; ತೆಳುವಾದ ಕರಿಮಣಿ ಸಾಕು. ಹಾಕಿಕೊಂಡೇ ಹೋಗುವುದಾದರೆ ಹೊರಡುವ ಮೊದಲು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮರಳುವಾಗ ಹೊರದೇಶದಲ್ಲಿ ಕೊಂಡದ್ದಲ್ಲ ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ಹೆಗಲು, ಮೊಣಕಾಲು ಮುಚ್ಚದವರನ್ನು ಸಂತ ಪೀಟರ್ ಬಸಿಲಿಕಾದ ಬಾಗಿಲಲ್ಲೇ ತಡೆಯುತ್ತಾರೆ. ಒಂದು ದುಪಟ್ಟಾ ಕೈಚೀಲದಲ್ಲಿರಲಿ, ಗಂಡಸರಿಗೂ ಚಡ್ಡಿ ಬೇಡ.

ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿಯ ಸಾಕೆಟ್ಟಿಗೆ ಕೂರದು, ಎರಡು ದುಂಡು ಕಡ್ಡಿಯ ಯುರೋಪಿಯನ್ ಅಡಾಪ್ಟರ್ ಬೇಕು. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿ ಒಯ್ಯಿರಿ, ಓಲಾಟ ಶುರುವಾದ ಮೇಲಲ್ಲ, ಮೊದಲೇ ನುಂಗಿದರೆ ಗುಣ. ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ, ಚೀಟಿ ಜೊತೆಗಿರಲಿ.

ಮುಂಬಯಿಯಿಂದ ಹಡಗಿನವರೆಗೆ

ಗಲ್ಫ್, ಇಸ್ತಾಂಬುಲ್ ಅಥವಾ ಜರ್ಮನಿಯ ಮೂಲಕ ಹಾರಿ ಹಡಗು ಹತ್ತುವ ಊರಿಗೆ ಹಿಂದಿನ ದಿನವೇ ಸೇರಿ. ವಿಮಾನ ತಡವಾದರೆ, ಪೆಟ್ಟಿಗೆ ಕಾಣೆಯಾದರೆ ಸರಿಪಡಿಸಲು ಅದೊಂದು ರಾತ್ರಿ ಕೈಯಲ್ಲಿರುತ್ತದೆ. ಅದೇ ದಿನ ಇಳಿದು ಹಡಗು ಹತ್ತುವ ಯೋಜನೆ ಬುಕಿಂಗ್ ತೆರೆಯಲ್ಲಿ ಚೆಂದ ಕಾಣುತ್ತದೆ, ಅಷ್ಟೇ.

ಆನ್‌ಲೈನ್ ಚೆಕ್-ಇನ್ ಮುಗಿಸಿ ಲಗೇಜ್ ಚೀಟಿಗಳನ್ನು ಮನೆಯಲ್ಲೇ ಮುದ್ರಿಸಿ ಪೆಟ್ಟಿಗೆಗಳಿಗೆ ಕಟ್ಟಿ. ಟರ್ಮಿನಲ್ಲಿನಲ್ಲಿ ಪೆಟ್ಟಿಗೆ ಕೊಟ್ಟರೆ ಕೋಣೆಗೆ ಬರುವುದು ಸಂಜೆಗೆ. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್, ಈಜುಡುಪು ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್ ಎಂದೂ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಡಿ. ಭಾರತೀಯ ಪಾಸ್‌ಪೋರ್ಟುಗಳನ್ನು ಕೆಲವು ಹಡಗುಗಳು ಹತ್ತುವಾಗಲೇ ತೆಗೆದುಕೊಂಡು ಕೊನೆಗೆ ಮರಳಿಸುತ್ತವೆ. ಗಾಬರಿಯಾಗಬೇಡಿ, ರಸೀದಿ ಪಡೆಯಿರಿ. ಪಾಸ್‌ಪೋರ್ಟ್, ವೀಸಾ ಪುಟಗಳ ಬಣ್ಣದ ನಕಲು ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಇರಲಿ. ದಿನವೂ ತೀರಕ್ಕೆ ಇಳಿಯುವಾಗ ಅದೇ ಗುರುತು.

ಮೊದಲ ದಿನ ಹಡಗಿನಲ್ಲಿ ಮಾಡಬೇಕಾದವು ಮೂರು. ಒಂದು, ಸುರಕ್ಷತಾ ಅಭ್ಯಾಸ. 2012ರ ಜನವರಿ 13ರಂದು ಕೋಸ್ತಾ ಕಾಂಕೋರ್ಡಿಯಾ ಹಡಗು ಜಿಲ್ಯೊ ದ್ವೀಪದ ಬಂಡೆಗೆ ಬಡಿದಾಗ 32 ಜನ ಸತ್ತರು. ಅಂದು ಚಿವಿತಾವೆಕ್ಕಿಯಾದಲ್ಲಿ ಹತ್ತಿದವರಿಗೆ ಇನ್ನೂ ಅಭ್ಯಾಸ ಮಾಡಿಸಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದು ಕಡ್ಡಾಯವಾಯಿತು. ಕಾರ್ಡಿನ ಮೇಲೆ ನಿಮ್ಮ ಸೇರುವ ಜಾಗದ ಅಕ್ಷರವಿರುತ್ತದೆ, ಅಲ್ಲಿಗೆ ಮೆಟ್ಟಿಲಿನಿಂದಲೇ ಒಮ್ಮೆ ಹೋಗಿ ಬನ್ನಿ.

ಎರಡು, ಊಟ. ಸಸ್ಯಾಹಾರ ಅಥವಾ ಜೈನ ಊಟ ಎಂದು ಬುಕಿಂಗ್‌ನಲ್ಲಿ ಬರೆಸಿದ್ದರೂ ಮೊದಲ ರಾತ್ರಿ ಊಟದ ಹಾಲಿನ ಮುಖ್ಯಸ್ಥನನ್ನು ಕಂಡು ಮತ್ತೆ ಹೇಳಿ. ನಾಳಿನ ಊಟಕ್ಕೆ ಇಂದು ಹೇಳಿದರೆ ಅಡುಗೆಮನೆಯವರು ಮಾಡಿಕೊಡುತ್ತಾರೆ; ಅನ್ನ, ದಾಲ್, ಒಂದು ಪಲ್ಯ ಕಷ್ಟವಲ್ಲ. ತರಕಾರಿ ಸೂಪಿಗೆ ಕೋಳಿಯ ಸಾರು ಹಾಕಿರಬಹುದು, ಟೊಮೇಟೊ ಸಾಸಿನಲ್ಲಿ ಆಂಚೊವಿ ಮೀನು ಇರಬಹುದು, ಕೇಳಿಯೇ ತಿನ್ನಿ. ಮೂರು, ಕಾರ್ಡು. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕ್ಯಾಬಿನ್ ಕಾರ್ಡಿಗೆ ನಿಮ್ಮ ಕ್ರೆಡಿಟ್ ಕಾರ್ಡ್ ಜೋಡಿಸಬೇಕು. ಡೆಬಿಟ್ ಕಾರ್ಡ್ ಕೊಟ್ಟರೆ ಖರ್ಚಿಗಿಂತ ಹೆಚ್ಚು ಹಣವನ್ನು ತಡೆಹಿಡಿದಿಟ್ಟು ಬಿಡುಗಡೆಗೆ ದಿನಗಟ್ಟಲೆ ಕಾಯಿಸುತ್ತಾರೆ.

ಹೊರಡುವ ಮೊದಲೇ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ತೆರೆದಿರಬೇಕು. ಅಂಗಡಿಯ ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ ಬೀಳುತ್ತದೆ. ಇನ್ನು ಫೋನು: ಹಡಗು ತೀರ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್. ಸಮುದ್ರದಲ್ಲಿ ಫೋನು ಹಿಡಿಯುವುದು ಹಡಗಿನದೇ ಉಪಗ್ರಹ ಜಾಲವನ್ನು, ನಮ್ಮ ಯುರೋಪ್ ರೋಮಿಂಗ್ ಪ್ಯಾಕುಗಳು ಅದಕ್ಕೆ ಅನ್ವಯಿಸುವುದಿಲ್ಲ. ರಾತ್ರಿ ಫೋನು ತಾನಾಗಿ ಫೋಟೊ ಮೇಲೇರಿಸುತ್ತ ಕೂತರೆ ಬಿಲ್ಲು ಸಾವಿರಗಳಲ್ಲಿ ಬರುತ್ತದೆ.

ತೀರದ ದಿನಗಳು

ಹೊರಡುವ ಸಮಯ ಬೇರೆ, ಹತ್ತುವ ಗಡುವು ಬೇರೆ. ಗಡುವು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮೊದಲು, ಅದು ಹಡಗಿನ ಗಡಿಯಾರದ ಪ್ರಕಾರ. ಫೋನು ಬಂದರಿನ ದೇಶದ ಸಮಯ ತೋರಿಸಬಹುದು. ಕೈಗಡಿಯಾರ ಕಟ್ಟಿಕೊಂಡು ಹಡಗಿನ ಸಮಯಕ್ಕೇ ಇಡಿ. ಕಂಪನಿಯದೇ ವಿಹಾರ ಕೊಂಡವರು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಇದು ಕರ್ಜತ್‌ನ ಕೊನೆಯ ಲೋಕಲ್ ತಪ್ಪಿದಂತಲ್ಲ, ಟ್ಯಾಕ್ಸಿ ಹಿಡಿದು ಮನೆ ಸೇರುವ ದಾರಿಯಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹಾರಬೇಕು. ಹಡಗಿನ ದಿನಪತ್ರದಲ್ಲಿ ಮುದ್ರಿಸಿರುವ ಬಂದರು ಏಜೆಂಟರ ಫೋನ್ ಸಂಖ್ಯೆಯನ್ನು ಪ್ರತಿದಿನ ಚಿತ್ರ ತೆಗೆದಿಟ್ಟುಕೊಳ್ಳಿ.

ನಮ್ಮ ಸಲಹೆ: ಹತ್ತಿರದ ಬಂದರಿನಲ್ಲಿ ಸ್ವಂತ ತಿರುಗಾಟ, ಎರಡು ಗಂಟೆ ಮೀರಿದ ದಾರಿಗೆ ಕಂಪನಿಯ ಬಸ್ಸು, ನಡುವಿನವಕ್ಕೆ ರೈಲು. ರೈಲಿಗೆ ಒಂದೇ ಸೂತ್ರ: ನೀವು ಹಿಡಿಯುವ ರೈಲು ಗಡುವಿಗೆ ಮುಟ್ಟಿಸುವ ಕೊನೆಯದಾಗಿರಬಾರದು, ಅದರ ಹಿಂದೆ ಇನ್ನೊಂದು ಉಳಿದಿರಬೇಕು. ಇಟಲಿಯಲ್ಲಿ ರೈಲು ಮುಷ್ಕರ ಮೊದಲೇ ಘೋಷಿಸಿ ನಡೆಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಖಾತರಿಯ ರೈಲುಗಳು ಓಡುತ್ತವೆ, ಆದರೆ ಸಂಜೆಯವು ಹಡಗಿನವರಿಗೆ ಉಪಯೋಗಕ್ಕೆ ಬರುವುದಿಲ್ಲ.

ರೋಮ್. ಹಡಗು ನಿಂತಲ್ಲಿಂದ ಬಂದರಿನ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ಬಿಡುತ್ತದೆ, ಅಲ್ಲಿಂದ ಇನ್ನೊಂದು ಬಸ್ಸು ರೈಲು ನಿಲ್ದಾಣಕ್ಕೆ. ರೋಮಾ ತೆರ್ಮಿನಿಗೆ ಸ್ಥಳೀಯ ರೈಲಿನಲ್ಲಿ ಒಂದರಿಂದ ಒಂದೂಕಾಲು ಗಂಟೆ. ವ್ಯಾಟಿಕನ್‌ಗೆ ಹೋಗುವವರು ತೆರ್ಮಿನಿಗೆ ಹೋಗದೆ ಮೊದಲೇ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯಬೇಕು. ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಮರೆತರೆ ಟಿಕೆಟ್ ಇದ್ದೂ ದಂಡ. ವ್ಯಾಟಿಕನ್ ಅಥವಾ ಕೊಲೊಸಿಯಂ, ಎರಡರಲ್ಲಿ ಒಂದನ್ನು ಆರಿಸಿ. ಎರಡನ್ನೂ ಹಿಡಿಯಲು ಹೋದವರು ಎರಡರ ಸಾಲಿನಲ್ಲೂ ನಿಂತು ಬರುತ್ತಾರೆ. ವ್ಯಾಟಿಕನ್ ವಸ್ತುಸಂಗ್ರಹಾಲಯ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ಬುಧವಾರ ಬೆಳಗ್ಗೆ ಪೋಪರ ದರ್ಶನವಿದ್ದರೆ ಬಸಿಲಿಕಾಕ್ಕೆ ಮಧ್ಯಾಹ್ನದವರೆಗೆ ಪ್ರವೇಶವಿಲ್ಲ. ಕೊಲೊಸಿಯಂ ಟಿಕೆಟ್ 30 ದಿನ ಮೊದಲು ಮಾರಾಟಕ್ಕೆ ಬರುತ್ತದೆ, ಹೆಸರಿನ ಮೇಲೆ ಕೊಡುತ್ತಾರೆ. ಗುರುತಿನ ಚೀಟಿ ಒಯ್ಯಿರಿ. ಹಡಗು ಸಂಜೆ 7ಕ್ಕೆ ಹೊರಡುವುದಾದರೆ ತೆರ್ಮಿನಿಯಿಂದ ಮೂರೂವರೆಗೆ ರೈಲು ಹತ್ತಿ.

ನೇಪಲ್ಸ್‌ನಲ್ಲಿ ಹಡಗು ಊರಿನ ಎದೆಗೇ ಬಂದು ನಿಲ್ಲುತ್ತದೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪುರಾತನ ಊರು ಪೊಂಪೇಯಿಗೆ ಗರಿಬಾಲ್ದಿ ನಿಲ್ದಾಣದಿಂದ ಸೊರೆಂತೊ ಕಡೆಯ ಚಿರ್ಕುಮ್‌ವೆಸುವಿಯಾನಾ ರೈಲು, ಸುಮಾರು 40 ನಿಮಿಷ. ‘ಪೊಂಪೇಯಿ ಸ್ಕಾವಿ’ ಎಂಬಲ್ಲಿ ಇಳಿಯಬೇಕು. ಬರೀ ಪೊಂಪೇಯಿ ಎಂದಿರುವ ಇನ್ನೊಂದು ಮಾರ್ಗದ ನಿಲ್ದಾಣ ಈಗಿನ ಊರಿನದು, ಅವಶೇಷಗಳದ್ದಲ್ಲ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಹೆಸರಿನ ಮೇಲಿರುತ್ತದೆ. ಹಡಗು ಆರೇಳು ಗಂಟೆ ಮಾತ್ರ ನಿಲ್ಲುವುದಾದರೆ ಪೊಂಪೇಯಿ ಬಿಟ್ಟು ಅದರಂತೆಯೇ ಹೂತುಹೋಗಿದ್ದ ಎರ್ಕೊಲಾನೊಗೆ ಹೋಗಿ. ಅರ್ಧ ದಾರಿ, ಚಿಕ್ಕ ಜಾಗ, ಮರದ ತೊಲೆಗಳೂ ಉಳಿದಿರುವ ಮನೆಗಳು; ಬಿಸಿಲಲ್ಲಿ ಸುಸ್ತಾಗದೆ ನೋಡಿ ಬರಬಹುದು. ಈ ರೈಲಿನಲ್ಲಿ ಜೇಬುಗಳ್ಳರು ಹೆಚ್ಚು. ಬಾರ್ಸಿಲೋನಾದ ರಾಂಬ್ಲಾ ಬೀದಿಯಲ್ಲೂ ಅಷ್ಟೇ: ಮೈಮೇಲೆ ಏನೋ ಚೆಲ್ಲಿ ಒರೆಸಲು ಬರುವವನಿಗಿಂತ ಅವನ ಜೊತೆಯವನ ಮೇಲೆ ಕಣ್ಣಿಡಿ.

ಬಾರ್ಸಿಲೋನಾದಲ್ಲಿ ಬಂದರಿನ ಬಸ್ಸು ಕೊಲಂಬಸ್ ಕಂಬದ ಹತ್ತಿರ ಬಿಡುತ್ತದೆ. ಪಕ್ಕದ ದ್ರಸಾನೆಸ್‌ನಿಂದ ಮೂರನೇ ಮೆಟ್ರೊ ಮಾರ್ಗ ಹಿಡಿದು ದಿಯಾಗೊನಾಲ್‌ನಲ್ಲಿ ಐದನೇ ಮಾರ್ಗಕ್ಕೆ ಬದಲಿಸಿದರೆ ಹೆಸರಾಂತ ಚರ್ಚು ಸಗ್ರಾದಾ ಫಮಿಲಿಯಾ. ಟಿಕೆಟ್ ಮುಂಬಯಿಯಲ್ಲೇ ಆನ್‌ಲೈನಿನಲ್ಲಿ ಕೊಂಡಿರಬೇಕು.

ಲಿವೊರ್ನೊದಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ, ಪೀಸಾ ಕೇವಲ ಕಾಲು ಗಂಟೆ ಚಿಲ್ಲರೆ. ಸೋಮವಾರವಾದರೆ ಪೀಸಾವೇ ಸರಿ, ಫ್ಲಾರೆನ್ಸಿನ ಉಫಿತ್ಸಿ, ಅಕಾದೆಮಿಯಾ ಕಲಾಸಂಗ್ರಹಾಲಯಗಳು ಅಂದು ಮುಚ್ಚಿರುತ್ತವೆ. ಮಾರ್ಸೆಯಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆ ಹಳೆ ಬಂದರಿನಿಂದ ಬಹಳ ದೂರ, ನಡೆಯಲು ಹೋಗಬೇಡಿ.

ಸ್ಯಾಂಟೊರಿನಿಗೆ ಕಟ್ಟೆಯೇ ಇಲ್ಲ; ಹಡಗು ಸಮುದ್ರದಲ್ಲಿ ನಿಂತು ಟೆಂಡರ್ ದೋಣಿಗಳಲ್ಲಿ ಇಳಿಸುತ್ತದೆ. ಗಾಳಿ ಜೋರಾದರೆ ಈ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತಾರೆ, ಮುಂಗಡ ಕಟ್ಟಿದ ಸ್ಥಳೀಯ ಟ್ಯಾಕ್ಸಿಯ ಹಣ ಹೋದಂತೆಯೇ. ಹಳೆ ಬಂದರಿನಿಂದ ಫಿರಾ ಊರಿಗೆ ಕೇಬಲ್ ಕಾರು ಅಥವಾ 600ಕ್ಕೆ ಹತ್ತಿರದ ಮೆಟ್ಟಿಲು. ಹತ್ತುವಾಗಿನ ಸಾಲಿಗಿಂತ ಸಂಜೆ ಇಳಿಯುವಾಗಿನ ಸಾಲು ಭಯಂಕರ, ಕೊನೆಯ ಟೆಂಡರಿಗೆ ಎರಡು ಗಂಟೆ ಮೊದಲೇ ಹೋಗಿ ನಿಲ್ಲಿ. ಸೂರ್ಯಾಸ್ತ ಹಡಗಿನ ಡೆಕ್ಕಿನಿಂದಲೂ ಕಾಣುತ್ತದೆ. ಅಥೆನ್ಸ್‌ನ ಬಂದರು ಪಿರೇಯಸ್; ಅಲ್ಲಿಂದ ಒಂದನೇ ಮೆಟ್ರೊ ಮಾರ್ಗ ಮೊನಸ್ತಿರಾಕಿಗೆ ಒಯ್ಯುತ್ತದೆ. ಅಕ್ರೋಪೊಲಿಸ್‌ಗೆ ಗಂಟೆಯ ಲೆಕ್ಕದ ಪ್ರವೇಶ, 30 ಯೂರೋ, ಬೆಳಗ್ಗೆ 8ರ ಟಿಕೆಟ್ ಹುಡುಕಿ. ಕುಶಾದಾಸಿಯಿಂದ ಪುರಾತನ ನಗರ ಎಫೆಸಸ್ 20 ಕಿಲೋಮೀಟರಿನಷ್ಟು, ಸ್ವಂತವಾಗಿ ಹೋಗಬಹುದು. ವಲೆಟ್ಟಾದಲ್ಲಿ ಬರಾಕ್ಕಾ ಲಿಫ್ಟು ಬಂದರಿನಿಂದ ನೇರ ಮೇಲಿನ ತೋಟಕ್ಕೆ ಏರಿಸುತ್ತದೆ. ಮಧ್ಯಾಹ್ನ 12ಕ್ಕೆ ಅಲ್ಲಿ ತೋಪು ಹಾರಿಸುತ್ತಾರೆ.

ಸಸ್ಯಾಹಾರಿಗಳಿಗೆ ಬಂದರುಗಳಲ್ಲಿ ಹಸಿವಿನ ಭಯವಿಲ್ಲ. ಜಿನೋವಾದ ಫರಿನಾತಾ ಕಡಲೆಹಿಟ್ಟಿನದು, ಪಲೆರ್ಮೊದ ಪನೆಲ್ಲೆಯೂ ಕಡಲೆಹಿಟ್ಟಿನ ಕರಿದ ತಿಂಡಿ, ಮಾಲ್ಟಾದ ಪಾಸ್ತಿತ್ಸಿಯಲ್ಲಿ ಬಟಾಣಿಯದ್ದು ಇದೆ, ನೇಪಲ್ಸ್‌ನ ಮರಿನಾರಾ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ಇಟಲಿಯಲ್ಲಿ ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ. ಎರಡನ್ನೂ ಹೇಳಬೇಕು, ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರು ಅಲ್ಲಿ ಬಹಳ.

ಇಳಿಯುವ ದಿನ

ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕು. ಬೆಳಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ ಒಳಗೇ ಉಳಿಸಿಕೊಳ್ಳಿ. ಹಡಗಿನ ಖಾತೆಯ ಬಿಲ್ಲನ್ನು ಆ ರಾತ್ರಿಯೇ ಸಾಲುಸಾಲಾಗಿ ನೋಡಿ. ತೆರೆಯದ ನೀರಿನ ಬಾಟಲಿ, ಕೊಳ್ಳದ ಫೋಟೊ ಸೇರಿದ್ದರೆ ಬೆಳಗ್ಗೆ ಕೌಂಟರಿನ ಸಾಲು ಉದ್ದವಾಗುವ ಮೊದಲೇ ತೆಗೆಸಬಹುದು. ವೈದ್ಯರ ಕೋಣೆಗೆ ಹೋಗಿದ್ದರೆ ಅದರ ಬಿಲ್ಲು, ವರದಿ, ಮುದ್ರೆ ಸಮೇತ ಪಡೆಯಿರಿ. ಹಡಗಿನಲ್ಲಿ ನಾವೇ ಹಣ ಕಟ್ಟಿ ಆಮೇಲೆ ವಿಮೆಯವರಿಂದ ಕೇಳಬೇಕು.

ಚಿವಿತಾವೆಕ್ಕಿಯಾದಿಂದ ಫ್ಯುಮಿಚಿನೊ ವಿಮಾನ ನಿಲ್ದಾಣಕ್ಕೆ ಸುಮಾರು ಒಂದು ಗಂಟೆಯ ದಾರಿ. ಮಧ್ಯಾಹ್ನ 1ಕ್ಕಿಂತ ಮೊದಲಿನ ವಿಮಾನ ಬೇಡ. ಬಾರ್ಸಿಲೋನಾದಲ್ಲಿ ನಿಲ್ದಾಣ ಹತ್ತಿರ, 12ರ ನಂತರದ್ದು ನಡೆಯುತ್ತದೆ. ಮುಂಬಯಿಗೆ ಬಂದ ಮೇಲೆ ಬೋರ್ಡಿಂಗ್ ಪಾಸು, ಏಜೆಂಟರ ತೆರಿಗೆ ರಸೀದಿ ಎರಡನ್ನೂ ಎಸೆಯಬೇಡಿ. ರಿಟರ್ನ್ ಸಲ್ಲಿಸುವ ಮೊದಲು 26ಎಎಸ್ ಪಟ್ಟಿಯಲ್ಲಿ (ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾದ ತೆರಿಗೆಯ ಲೆಕ್ಕ) ಟಿಸಿಎಸ್ ಮೊತ್ತ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಏಜೆಂಟರನ್ನು ಹಿಡಿದು ಸರಿಪಡಿಸಿ, ಆಮೇಲೆ ಅಷ್ಟನ್ನೂ ಕಟ್ಟಬೇಕಾದ ತೆರಿಗೆಯಿಂದ ಕಳೆಯಿರಿ ಅಥವಾ ಮರುಪಾವತಿ ಕೇಳಿ.